ಎಫ್‌ಐ ಬೈಕಿನ ಬ್ಯಾಟರಿ ಸತ್ತಾಗ ದೂಡಿದ್ರ ಯಾಕ ಚಾಲೂ ಆಗೂದಿಲ್ಲ

ಸರ್, ವಿಜಯಪುರದಾಗ ತಿಂಗಳಗಟ್ಟಲೆ ನಿಂತ ಬಿಎಸ್-6 ಬೈಕು, ಬ್ಯಾಟರಿ ಪೂರ್ತಿ ಇಳಿದದ, ಸೆಕೆಂಡ್ ಗೇರಿನಾಗ ಎಷ್ಟು ದೂಡಿದ್ರೂ ಚಾಲೂ ಆಗವಲ್ದು ಅಂತ ಕೇಳೀರಿ. ಹಳೆ ಕಾರ್ಬುರೇಟರ್ ಗಾಡ್ಯಾಗ ಪೆಟ್ರೋಲ್ ತಾನ ಇಳೀತಿತ್ತು. ನಿಮ್ಮದು ಎಫ್‌ಐ, ಅಂದ್ರ ಫ್ಯೂಯೆಲ್ ಇಂಜೆಕ್ಷನ್ ಗಾಡಿ. ಇದರಾಗ ಟ್ಯಾಂಕಿನೊಳಗಿನ ಪಂಪು, ಪೆಟ್ರೋಲ್ ಚಿಮ್ಮಸೂ ಇಂಜೆಕ್ಟರು, ಇಸಿಯು (ಇಂಜಿನ್ ನಡಸೂ ಕಂಪ್ಯೂಟರ್) ಮೂರಕ್ಕೂ ಕರೆಂಟ್ ಬೇಕು. ಕೀ ಆನ್ ಮಾಡಿ ಕಿವಿಗೊಟ್ಟು ಕೇಳ್ರಿ: ಎರಡು-ಮೂರು ಸೆಕೆಂಡ್ ಗುಂಯ್ ಅಂತ ಪಂಪಿನ ಸಪ್ಪಳ ಬಂದ್ರ ದೂಡಿ ನೋಡಬಹುದು. ಬರಲಿಲ್ಲಂದ್ರ ಬಿಸಿಲಾಗ ಸುಮ್ನ ದಣೀಬ್ಯಾಡ್ರಿ.

ಇನ್ನೊಂದು 12 ವೋಲ್ಟ್ ಬೈಕಿನ ಬ್ಯಾಟರಿಯಿಂದ ಜಂಪ್ ಕೊಡ್ರಿ, ಅಂದ್ರ ವೈರ್ ಹಚ್ಚಿ ಕರೆಂಟ್ ತಗೋರಿ. ಕೆಂಪು ವೈರ್ ಪ್ಲಸ್‌ನಿಂದ ಪ್ಲಸ್‌ಗೆ. ಕರಿ ವೈರ್ ಆ ಬ್ಯಾಟರಿಯ ಮೈನಸ್‌ನಿಂದ ನಿಮ್ಮ ಇಂಜಿನ್ನಿನ ಬಣ್ಣ ಇಲ್ಲದ ಬೋಲ್ಟಿಗೆ. ಪ್ಲಸ್-ಮೈನಸ್ ಅದಲು ಬದಲಾದ್ರ ಫ್ಯೂಸ್ ಹೋಗ್ತದ, ಇಸಿಯುಗೂ ಕುತ್ತು. ಕಾರಿನಿಂದ ಕೊಡೂದಾದ್ರ ಕಾರಿನ ಇಂಜಿನ್ ಬಂದ್ ಇರಲಿ. ಚಾಲೂ ಆದ ಮ್ಯಾಲ ಮೊದಲು ಕರಿ ವೈರ್ ತೆಗೀರಿ. ಇಂಜಿನ್ ನಡದಾಗ ನಿಮ್ಮ ಸ್ವಂತ ಬ್ಯಾಟರಿ ಬಿಚ್ಚೂದು ಮಾತ್ರ ಎಂದೂ ಬ್ಯಾಡ, ವೋಲ್ಟೇಜ್ ಜಿಗಿದು ಇಸಿಯು ಸುಡಬಹುದು.

ಆಮ್ಯಾಲ ರೇಸ್ ಕೊಟ್ಟು ನಿಮ್ಮ ಬ್ಯಾಟರಿಯ ಪ್ಲಸ್-ಮೈನಸ್‌ಗೆ ಮಲ್ಟಿಮೀಟರ್ ಹಚ್ಚ್ರಿ. 13.5ರಿಂದ 14.5 ವೋಲ್ಟ್ ಬಂದ್ರ ಚಾರ್ಜಿಂಗ್ ಸರಿ ಅದ. 13ರ ಕೆಳಗ ಇದ್ರ ಹೊಸ ಬ್ಯಾಟರಿಗೆ ರೊಕ್ಕ ಹಾಕೂದಕ್ಕಿಂತ ಮೊದಲು ಬ್ಯಾಟರಿ ಚಾರ್ಜ್ ಮಾಡೂ ರೆಗ್ಯುಲೇಟರ್, ಕಾಯಿಲ್ ಮೆಕ್ಯಾನಿಕ್‌ಗೆ ತೋರಸ್ರಿ.