ಮಗಳು ಆರಿಸಿ ತಂದ ಶಾರ್ಕ್ ಹಲ್ಲು

ಪ್ರಶ್ನೆ: ನಾವು ಅಮೆರಿಕದ ಫ್ಲೋರಿಡಾದಲ್ಲಿ ನೆಲೆಸಿದ್ದೇವೆ. ವೆನಿಸ್ ಊರಿನ ಕಡಲತೀರದಲ್ಲಿ ನನ್ನ ಹತ್ತು ವರ್ಷದ ಮಗಳಿಗೆ ಒಂದು ಅಂಗುಲ ಉದ್ದದ ಕಪ್ಪು ಹಲ್ಲೊಂದು ಸಿಕ್ಕಿದೆ. ಅದರ ಅಂಚು ನುಣುಪಾಗಿದ್ದು, ಬುಡದ ಎರಡೂ ಪಕ್ಕದಲ್ಲಿ ಮುಳ್ಳಿನಂಥ ಪುಟ್ಟ ಮೊನೆಗಳಿವೆ. ಇದು ದೊಡ್ಡ ಬಿಳಿ ಶಾರ್ಕ್‌ನ ಹಲ್ಲೇ? ಅಲ್ಲವಾದರೆ ಅಂಗಡಿಯಿಂದ ಅಸಲಿ ಹಲ್ಲನ್ನು ಕೊಂಡುಕೊಡಬಹುದೇ?
– ಒಬ್ಬ ಓದುಗರು

ಉತ್ತರ: ನಿಮ್ಮ ವಿವರಣೆಯಂತೆ ಅದು ಬಿಳಿ ಶಾರ್ಕ್‌ನದಲ್ಲ, ಆ ತೀರದಲ್ಲಿ ಆಗಾಗ ಸಿಗುವ ಸ್ಯಾಂಡ್ ಟೈಗರ್ ಜಾತಿಯ ಶಾರ್ಕ್‌ನ ಹಲ್ಲನ್ನು ಹೋಲುತ್ತದೆ. ಬೆಳೆದ ಬಿಳಿ ಶಾರ್ಕ್‌ನ ಮೇಲ್ದವಡೆಯ ಹಲ್ಲು ಅಗಲವಾದ ತ್ರಿಕೋನದಂತಿದ್ದು, ಅದರ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದರೆ ಗರಗಸದ ಹಲ್ಲುಗಳಂತೆ ತಡೆಯುತ್ತದೆ. ಅದರ ಕೆಳದವಡೆಯ ಹಲ್ಲುಗಳು ತುಸು ಕಿರಿದು, ಏಕೆಂದರೆ ಅವು ಬೇಟೆಯನ್ನು ಹಿಡಿದಿಡುತ್ತವೆ, ಮೇಲಿನವು ಕತ್ತರಿಸುತ್ತವೆ.

ಮಗಳಿಗೆ ನಿರಾಸೆಯಾಗಬೇಕಿಲ್ಲ. ಶಾರ್ಕ್‌ಗಳ ಅಸ್ಥಿಪಂಜರ ಮೃದ್ವಸ್ಥಿಯದಾದ್ದರಿಂದ ಬಹುಮಟ್ಟಿಗೆ ಕೊಳೆತುಹೋಗುತ್ತದೆ. ಆದರೆ ಜೀವನವಿಡೀ ಉದುರಿ ಮತ್ತೆ ಹುಟ್ಟುತ್ತಲೇ ಇರುವ ಸಾವಿರಾರು ಹಲ್ಲುಗಳು ಕಡಲತಳದ ಕೆಸರಿನಲ್ಲಿ ಹುದುಗಿ, ಖನಿಜಗಳನ್ನು ಹೀರಿಕೊಂಡು ಕಲ್ಲಾಗುತ್ತವೆ. ಕಪ್ಪು ಬಣ್ಣ ಬಂದದ್ದು ಆ ಖನಿಜಗಳಿಂದ. ಆದ್ದರಿಂದ ಬಣ್ಣವನ್ನಷ್ಟೇ ನೋಡಿ ಹಲ್ಲಿನ ವಯಸ್ಸು ಹೇಳಲಾಗದು. ಹಿಂದೆ ಯುರೋಪಿನವರು ಇಂಥ ಹಲ್ಲುಗಳನ್ನು ಕಲ್ಲಾದ ನಾಲಿಗೆಗಳೆಂದು ನಂಬಿದ್ದರು. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಸಿಕ್ಕ ದೊಡ್ಡ ಶಾರ್ಕ್‌ನ ತಲೆಯನ್ನು ಸೀಳಿ ನೋಡಿದ ಡೆನ್ಮಾರ್ಕಿನ ಅಂಗರಚನಾ ವಿಜ್ಞಾನಿ ನಿಕೊಲಾಸ್ ಸ್ಟೆನೊ, ಮರುವರ್ಷ ಪ್ರಕಟಿಸಿದ ಬರಹದಲ್ಲಿ ಆ ‘ಕಲ್ಲುನಾಲಿಗೆ’ಗಳು ಶಾರ್ಕ್‌ನ ಹಲ್ಲುಗಳನ್ನೇ ಹೋಲುತ್ತವೆಂದು ವಾದಿಸಿದರು. ಹಲ್ಲನ್ನು ಕೈಯಲ್ಲಿ ಹಿಡಿದು ಗಮನವಿಟ್ಟು ನೋಡುವುದರಿಂದಲೇ ಭೂವಿಜ್ಞಾನದ ಒಂದು ದೊಡ್ಡ ಅಧ್ಯಾಯ ತೆರೆಯಿತೆಂಬುದನ್ನು ಮಗುವಿಗೆ ಅಗತ್ಯವಾಗಿ ಹೇಳಿ.

ಅಂಗಡಿಯ ವಿಷಯದಲ್ಲಿ ನನ್ನ ಸಲಹೆ ಸ್ಪಷ್ಟ: ಬೆಳ್ಳಗೆ ಹೊಳೆಯುವ ಹೊಸ ಹಲ್ಲನ್ನು ಕೊಳ್ಳಬೇಡಿ. ಅದು ರಾಳದ ನಕಲಿಯಾಗಿರಬಹುದು. ಭೂತಗನ್ನಡಿಯಲ್ಲಿ ಗಾಳಿಗುಳ್ಳೆಗಳೋ ಅಚ್ಚಿನ ಗೆರೆಯೋ ಕಂಡರೆ, ಬೇರಿನ ಭಾಗದಲ್ಲಿ ಸಹಜವಾದ ಸೂಕ್ಷ್ಮ ರಂಧ್ರಗಳಿಲ್ಲದಿದ್ದರೆ ಅನುಮಾನಿಸಿ. ಅಸಲಿಯಾದರೆ ಇನ್ನೂ ಕಳವಳದ ಸಂಗತಿ, ಏಕೆಂದರೆ ಅದು ಕೊಂದ ಪ್ರಾಣಿಯ ದವಡೆಯಿಂದ ಕಿತ್ತದ್ದಾಗಿರಬಹುದು. ಹೆಣ್ಣು ಬಿಳಿ ಶಾರ್ಕ್ ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು ಮೂರು ದಶಕಗಳೇ ಬೇಕೆಂಬ ಅಂದಾಜಿದೆ. ಹೀಗಿರುವಾಗ ಒಂದೊಂದು ಸಾವಿನ ನಷ್ಟವೂ ಬೇಗ ತುಂಬುವಂಥದ್ದಲ್ಲ. ದಕ್ಷಿಣ ಆಫ್ರಿಕಾ 1991ರಲ್ಲೇ ಬಿಳಿ ಶಾರ್ಕ್‌ಗೆ ರಕ್ಷಣೆ ನೀಡಿತು. 2004ರಲ್ಲಿ ಅದನ್ನು, ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟೀಸ್ (CITES) ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲು ತೀರ್ಮಾನವಾದ್ದರಿಂದ, ಅದರ ಅಂಗಾಂಗಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ರಫ್ತು ಪರವಾನಗಿ ಬೇಕು.

ತೀರದಲ್ಲಿ ಆರಿಸುವುದೇ ಒಳ್ಳೆಯದು. ಫ್ಲೋರಿಡಾದಲ್ಲಿ ಕಶೇರುಕಗಳ ಪಳೆಯುಳಿಕೆ ಸಂಗ್ರಹಕ್ಕೆ ಪರವಾನಗಿ ಬೇಕಾದರೂ ಶಾರ್ಕ್ ಹಲ್ಲುಗಳಿಗೆ ವಿನಾಯಿತಿಯಿದೆ. ಅಲೆ ಹಿಂದೆ ಸರಿದಾಗ ಚಿಪ್ಪುಚೂರುಗಳು ರಾಶಿಬೀಳುವ ಜಾಗದಲ್ಲಿ ಜರಡಿ ಹಿಡಿದು ಹುಡುಕಿ. ಸಿಕ್ಕಿದ್ದನ್ನು ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಸಿಕ್ಕ ಜಾಗ ಮತ್ತು ದಿನಾಂಕವನ್ನು ಬರೆದ ಚೀಟಿಯೊಂದಿಗೆ ಪುಟ್ಟ ಡಬ್ಬಿಯಲ್ಲಿಡಿ; ಮೊದಲ ಚೀಟಿಯನ್ನು ಮಗಳೇ ಬರೆಯಲಿ.