ಕೈ ಬಿಗಿಯಿರುವ ವರ್ಷದ ಕ್ರಿಸ್‌ಮಸ್

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಬ್ಬದ ಖರ್ಚನ್ನು ಕುರಿತವಾಗಿದ್ದುದರಿಂದ ಅಂಕಣವನ್ನು ಆ ಒಂದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಓದುಗರ ಕೋರಿಕೆಯಂತೆ ಹೆಸರು, ವಿಳಾಸಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಈ ವರ್ಷ ನನ್ನ ಪತಿಯ ಸಂಬಳ ಅರ್ಧಕ್ಕೆ ಇಳಿದಿದೆ. ಕ್ರಿಸ್‌ಮಸ್ ದಿನ ಅತ್ತೆ, ಮಾವ, ಮೈದುನಂದಿರು, ನಾದಿನಿ, ಓರಗಿತ್ತಿಯರು ಎಲ್ಲರೂ ಒಂದೆಡೆ ಸೇರುವುದು ವಾಡಿಕೆ. ಐದು ದಂಪತಿಗಳು, ಆರು ಮಕ್ಕಳು. ಎಲ್ಲರೂ ಎಲ್ಲರಿಗೂ ಉಡುಗೊರೆ ಕೊಡುತ್ತೇವೆ. ಕಳೆದ ವರ್ಷ ಕ್ರೆಡಿಟ್ ಕಾರ್ಡಿನಲ್ಲಿ ಮಾಡಿದ ಹಬ್ಬದ ಸಾಲ ತೀರಿದ್ದು ಮಾರ್ಚ್ ಕೊನೆಗೆ. ಈ ಸಲ ಸಾಲ ಮಾಡಲು ಮನಸ್ಸಿಲ್ಲ; ಆದರೆ ಮಕ್ಕಳ ಮುಖ ಸಪ್ಪಗಾಗುವುದನ್ನು ನೋಡಲೂ ಆಗದು. ಹಬ್ಬವನ್ನು ಯೋಜಿಸುವುದು ಹೇಗೆ?

ಉತ್ತರ: ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹೇಳುವವರು ತಮಗೆ ಈಗಾಗಲೇ ಹಲವರು ಸಿಕ್ಕಿರಬಹುದು. ಹಾಸಿಗೆಯನ್ನು ಅಳೆಯುವುದು ಹೇಗೆಂದು ಹೇಳುವವರು ಕಡಿಮೆ. ಆದ್ದರಿಂದ ಅಳತೆಯಿಂದಲೇ ಆರಂಭಿಸೋಣ.

ಹಬ್ಬಕ್ಕೆ ಎಷ್ಟು ಬೇಕು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಒಂದು ಹಾಳೆಯ ಮೇಲೆ ಡಿಸೆಂಬರ್ ಮತ್ತು ಜನವರಿ ಎರಡೂ ತಿಂಗಳುಗಳ ತಪ್ಪಿಸಲಾಗದ ಖರ್ಚುಗಳನ್ನು, ಅಂದರೆ ಬಾಡಿಗೆ, ದಿನಸಿ, ವಿದ್ಯುತ್, ಮಕ್ಕಳ ಶುಲ್ಕ, ಔಷಧಿ, ಕಂತುಗಳನ್ನು ಬರೆಯಿರಿ. ಜನವರಿಯನ್ನು ಸೇರಿಸಬೇಕೆಂದು ಒತ್ತಿ ಹೇಳುವುದಕ್ಕೆ ಕಾರಣವಿದೆ: ಹಬ್ಬದ ಸಾಲ ಹುಟ್ಟುವುದು ಡಿಸೆಂಬರ್‌ನಲ್ಲಾದರೂ ಅದು ಕಾಣಿಸಿಕೊಳ್ಳುವುದು ಜನವರಿಯ ಬಿಲ್ಲುಗಳು ಬಂದ ಮೇಲೆ. ಎರಡು ತಿಂಗಳ ಆದಾಯದಿಂದ ಈ ಮೊತ್ತವನ್ನು ಕಳೆದು, ಉಳಿದುದರಲ್ಲಿ ಅನಿರೀಕ್ಷಿತ ಖರ್ಚಿಗೆಂದು ಒಂದಿಷ್ಟನ್ನು ತೆಗೆದಿಟ್ಟ ಮೇಲೆ ಮಿಕ್ಕಿದ್ದೇ ನಿಮ್ಮ ಕ್ರಿಸ್‌ಮಸ್ ಹಣ. ಅದು ನೀವು ನಿರೀಕ್ಷಿಸಿದ್ದಕ್ಕಿಂತ ಚಿಕ್ಕ ಸಂಖ್ಯೆಯಾಗಿರುತ್ತದೆ. ಒಂದು ದಿನ ಬೇಸರವೂ ಆಗುತ್ತದೆ. ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಒಂದು ದಿನ ಬೇಸರಪಡುವುದು ಮಾರ್ಚ್‌ವರೆಗೆ ಚಿಂತೆಪಡುವುದಕ್ಕಿಂತ ಮೇಲು.

ಮುಂದೆ, ಕಳೆದ ಡಿಸೆಂಬರ್‌ನ ಕಾರ್ಡ್ ಬಿಲ್ಲನ್ನು ತೆರೆದು ಪತಿ-ಪತ್ನಿ ಇಬ್ಬರೂ ಕುಳಿತು ಸಾಲುಸಾಲಾಗಿ ಓದಿ, ಪ್ರತಿ ಸಾಲಿನ ಮುಂದೆ ‘ನೆನಪಿದೆ’ ಅಥವಾ ‘ನೆನಪಿಲ್ಲ’ ಎಂದು ಗುರುತು ಹಾಕಿರಿ. ಇಡೀ ಯೋಜನೆಯಲ್ಲಿ ಅತ್ಯಂತ ಉಪಯುಕ್ತವಾದ ಅರ್ಧ ಗಂಟೆ ಇದೇ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ‘ನೆನಪಿಲ್ಲ’ ಎಂಬ ಗುರುತು ಬೀಳುವುದು 22ರಿಂದ 24ರವರೆಗಿನ ತಾರೀಕುಗಳಲ್ಲಿ: ಆಟಿಕೆಗೆ ಬೇಕಾಗಿ ಬಂದ ಬ್ಯಾಟರಿ, ಸಾಲದೆ ಹೋದ ಹೊದಿಕೆ ಕಾಗದ, ಯಾರನ್ನೋ ಮರೆತೆವೆಂದು ಅವಸರದಲ್ಲಿ ಕೊಂಡ ಶೋಪೀಸು, ಅಡುಗೆಗೆ ಸಮಯವಿಲ್ಲದೆ ಹೊರಗಿನಿಂದ ತರಿಸಿದ ಊಟ. ಒಂದೊಂದೂ ಸಣ್ಣದು, ಕೂಡಿಸಿದರೆ ಮಕ್ಕಳಿಬ್ಬರ ಉಡುಗೊರೆಯ ಮೊತ್ತವಾದೀತು. ಈ ಪಟ್ಟಿಯೇ ಈ ವರ್ಷ ಮೊದಲು ಕೈಬಿಡಬೇಕಾದುದರ ಪಟ್ಟಿ. ಖರೀದಿಯನ್ನೆಲ್ಲ 20ನೆಯ ತಾರೀಕಿನೊಳಗೆ ಮುಗಿಸಿ, ಅನಂತರ ಹಾಲು, ತರಕಾರಿಯಂತಹ ದಿನಬಳಕೆಯ ವಸ್ತುಗಳ ಹೊರತು ಅಂಗಡಿಗೆ ಹೋಗಬಾರದೆಂದು ಮನೆಯಲ್ಲಿ ಒಂದು ಕಟ್ಟುಪಾಡು ಮಾಡಿಕೊಳ್ಳಿ.

ಇನ್ನು ನಿಮ್ಮ ಖರ್ಚಿನ ಬೇರು ಇರುವಲ್ಲಿಗೆ, ಎಂದರೆ ದೊಡ್ಡವರ ಉಡುಗೊರೆಗಳಿಗೆ ಬರೋಣ. ಐದು ದಂಪತಿಗಳು ತಮ್ಮನ್ನು ಬಿಟ್ಟು ಉಳಿದ ಎಂಟೆಂಟು ಮಂದಿಗೆ ಕೊಟ್ಟರೆ ಒಟ್ಟು 40 ಉಡುಗೊರೆಗಳಾಗುತ್ತವೆ, ಮತ್ತು ಪ್ರತಿ ಮನೆಯೂ ಎಂಟನ್ನು ಕೊಳ್ಳಬೇಕಾಗುತ್ತದೆ. ಅದರ ಬದಲು ಹತ್ತು ಹೆಸರುಗಳನ್ನು ಚೀಟಿಯಲ್ಲಿ ಬರೆದು, ತನ್ನದೇ ಹೆಸರು ಅಥವಾ ಸಂಗಾತಿಯ ಹೆಸರು ಬಂದರೆ ಮತ್ತೆ ಎತ್ತುವ ನಿಯಮವಿಟ್ಟು, ಒಬ್ಬರು ಒಬ್ಬರಿಗೆ ಮಾತ್ರ ಕೊಟ್ಟರೆ ಉಡುಗೊರೆಗಳು ಹತ್ತೇ, ಮನೆಗೆ ಎರಡು. ಪ್ರತಿ ಉಡುಗೊರೆಗೆ ಮೊದಲಿನಷ್ಟೇ ಹಣ ಹಾಕಿದರೂ ಈ ಬಾಬಿನ ಖರ್ಚು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಜೊತೆಗೆ ಒಂದು ಗರಿಷ್ಠ ಮೊತ್ತವನ್ನೂ ಎಲ್ಲರೂ ಒಪ್ಪಿ ನಿಗದಿ ಮಾಡಿಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಒಬ್ಬರ ಧಾರಾಳತನ ಇನ್ನೊಬ್ಬರಿಗೆ ಮುಜುಗರವಾಗುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯಲ್ ವಾಲ್ಡ್‌ಫೋಗೆಲ್ 1993ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಕ್ರಿಸ್‌ಮಸ್ ಉಡುಗೊರೆ ಪಡೆದ ವಿದ್ಯಾರ್ಥಿಗಳನ್ನು ಪ್ರಶ್ನಿಸಿ, ಉಡುಗೊರೆಗೆ ತೆತ್ತ ಬೆಲೆಗೂ ಪಡೆದವರು ಅದಕ್ಕೆ ಕಟ್ಟುವ ಬೆಲೆಗೂ ನಡುವಿನ ಅಂತರವನ್ನು ಲೆಕ್ಕ ಹಾಕಿದ್ದರು. ತೆತ್ತ ಬೆಲೆಯ ಶೇಕಡಾ 10ರಿಂದ ಮೂರರಲ್ಲಿ ಒಂದು ಪಾಲಿನವರೆಗೆ ನಷ್ಟವಾಗುತ್ತದೆ ಎಂಬುದು ಅವರ ಅಂದಾಜು. ಪಡೆಯುವವರ ಅಭಿರುಚಿ ಸರಿಯಾಗಿ ತಿಳಿಯದ ದೂರದ ನೆಂಟರ ಉಡುಗೊರೆಗಳಲ್ಲಿ ಈ ನಷ್ಟ ಹೆಚ್ಚು, ಗೆಳೆಯರ ಮತ್ತು ಸಂಗಾತಿಯ ಉಡುಗೊರೆಗಳಲ್ಲಿ ಕಡಿಮೆ. ಆ ಲೆಕ್ಕದಲ್ಲಿ ಭಾವನೆಯ ಬೆಲೆಯನ್ನು ಬೇಕೆಂದೇ ಹೊರಗಿಡಲಾಗಿತ್ತು ಎಂಬುದನ್ನು ಮರೆಯುವಂತಿಲ್ಲ. ಆದರೆ ಭಾವನೆಗೆ ಬೆಲೆ ಇರುವ ಉಡುಗೊರೆ ದುಬಾರಿಯಾಗಿಯೇ ಇರಬೇಕೆಂದಿಲ್ಲ. ಮಾವನವರ ಹಳೆಯ ಫೋಟೋಗಳನ್ನು ತಾರೀಕು, ಹೆಸರುಗಳ ಸಮೇತ ಒಂದು ಆಲ್ಬಮ್ಮಿನಲ್ಲಿ ಜೋಡಿಸಿಕೊಡುವುದು, ಅತ್ತೆಯವರು ಬಾಯಲ್ಲೇ ಹೇಳುವ ಅಡುಗೆಯ ಅಳತೆಗಳನ್ನು ಮೊಮ್ಮಕ್ಕಳ ಕೈಬರಹದಲ್ಲಿ ಒಂದು ನೋಟ್‌ಪುಸ್ತಕವಾಗಿಸುವುದು, ಹಸುಗೂಸಿರುವ ಓರಗಿತ್ತಿಗೆ ಎರಡು ಶನಿವಾರದ ಸಂಜೆ ಮಗುವನ್ನು ನೋಡಿಕೊಳ್ಳುವೆನೆಂದು ತಾರೀಕು ಹಾಕಿದ ಚೀಟಿ ಕೊಡುವುದು, ಇವೆಲ್ಲ ಸಮಯ ಬೇಡುತ್ತವೆ, ಹಣ ಬೇಡುವುದಿಲ್ಲ. ತಾರೀಕು ಹಾಕುವುದನ್ನು ಮಾತ್ರ ಬಿಡಬೇಡಿ. ತಾರೀಕಿಲ್ಲದ ಭರವಸೆಯ ಚೀಟಿ ಡ್ರಾಯರ್ ಸೇರಿ ಅಲ್ಲೇ ಉಳಿಯುತ್ತದೆ.

ಇಷ್ಟಕ್ಕೂ ನಿಮಗೆ ಕಷ್ಟವೆನಿಸುವುದು ಚೀಟಿ ಎತ್ತುವುದಲ್ಲ, ಅದನ್ನು ಪ್ರಸ್ತಾಪಿಸುವುದು. ಹಬ್ಬದ ಖರ್ಚನ್ನು ಬೆಳೆಸುವುದು ಹೆಚ್ಚಾಗಿ ಆಸೆಯಲ್ಲ, ಯಾರೂ ಬಾಯಿಬಿಟ್ಟು ಹೇಳದ ಸಂಕೋಚ. ಐದು ಮನೆಗಳಲ್ಲಿ ನಿಮ್ಮದೊಂದಕ್ಕೇ ಈ ಭಾರವೆನಿಸುತ್ತಿದೆ ಎಂದು ಭಾವಿಸುವುದಕ್ಕೆ ಆಧಾರವಿಲ್ಲ. ಮೊದಲು ಮಾತೆತ್ತುವವರಿಗಾಗಿ ಉಳಿದವರು ಕಾಯುತ್ತಿರಬಹುದು. ಹಾಗಾಗಿ ಪತಿಯವರೇ ತಮ್ಮ ಅಣ್ಣತಮ್ಮಂದಿರಿಗೆ ಮತ್ತು ತಂಗಿಗೆ, ಬೇರೆ ಯಾರೂ ಉಡುಗೊರೆ ಕೊಳ್ಳುವ ಮೊದಲೇ, ‘ಈ ವರ್ಷ ನಮಗೆ ಕೈ ಸ್ವಲ್ಪ ಬಿಗಿ. ಮಕ್ಕಳಿಗೆ ಎಂದಿನಂತೆ ಕೊಡೋಣ, ದೊಡ್ಡವರೆಲ್ಲ ಚೀಟಿ ಎತ್ತೋಣವೇ?’ ಎಂದು ನೇರವಾಗಿ ಕೇಳಲಿ. ನೆಪ ಹೇಳಬಾರದು, ನೆಪಕ್ಕೆ ಪರಿಹಾರ ಸೂಚಿಸುವವರು ಹುಟ್ಟಿಕೊಳ್ಳುತ್ತಾರೆ. ಅತ್ತೆ-ಮಾವನವರಿಗೆ ಮಾತ್ರ ಮೊದಲೇ ಬೇರೆಯಾಗಿ ತಿಳಿಸುವುದು ಉಚಿತ. ಹಿರಿಯರು ಒಪ್ಪಿದರೆಂಬ ಮಾತು ಉಳಿದವರ ಸಂಕೋಚವನ್ನು ಅರ್ಧ ಕಳೆಯುತ್ತದೆ.

ಊಟ ಮತ್ತು ಅಲಂಕಾರಗಳಿಗೆ ಹೆಚ್ಚು ಮಾತು ಬೇಕಿಲ್ಲ. ಒಂದು ಮುಖ್ಯ ಖಾದ್ಯ, ಎರಡು ಜೊತೆಯವು, ಒಂದು ಸಿಹಿ ಸಾಕು. ಹತ್ತು ಬಗೆ ಮಾಡಿದಾಗ ಮಿಗುವುದು ಹತ್ತು ಬಗೆಯೂ. ಅಲಂಕಾರಕ್ಕೆ ಹಿಂದಿನ ವರ್ಷದ ಪೆಟ್ಟಿಗೆಯನ್ನು ಇಳಿಸಿ ನೋಡದೆ ಏನನ್ನೂ ಕೊಳ್ಳಬೇಡಿ. ದೀಪದ ಸರ ಕೆಟ್ಟಿದ್ದು ಹೊಸದು ಬೇಕೇ ಆದರೆ ಎಲ್‌ಇಡಿಯದನ್ನು ತನ್ನಿ. ಹಳೆಯ ತಂತಿ ಬಲ್ಬುಗಳಿಗಿಂತ ಅದು ಕನಿಷ್ಠ ಶೇಕಡಾ 75ರಷ್ಟು ಕಡಿಮೆ ವಿದ್ಯುತ್ ಬಳಸುತ್ತದೆ. ಗೋದಲಿಯ ವಿಷಯದಲ್ಲಂತೂ ಬಡತನವೇ ಅದರ ಮೂಲ ಸ್ವರೂಪ. ಇಟಲಿಯ ಗ್ರೆಚ್ಚೊ ಎಂಬಲ್ಲಿ 1223ರಲ್ಲಿ ಅಸಿಸ್ಸಿಯ ಸಂತ ಫ್ರಾನ್ಸಿಸರು ಯೇಸುವಿನ ಜನನದ ದೃಶ್ಯವನ್ನು ಏರ್ಪಡಿಸಿದಾಗ ಅಲ್ಲಿದ್ದುದು ಹುಲ್ಲು ತುಂಬಿದ ಮೇವಿನ ತೊಟ್ಟಿ, ಒಂದು ಎತ್ತು, ಒಂದು ಕತ್ತೆ. ನಿಮ್ಮ ಮನೆಯ ಗೋದಲಿಗೆ ರಟ್ಟಿನ ಪೆಟ್ಟಿಗೆ, ಒಣಹುಲ್ಲು, ಮಕ್ಕಳು ಮಣ್ಣಿನಲ್ಲಿ ಮಾಡಿದ ಕಾಲು ವಕ್ರವಾದ ಕುರಿಗಳು ಸಾಕು.

ಮಕ್ಕಳ ಉಡುಗೊರೆಗಳಿಗೆಂದು ಇಟ್ಟ ಪಾಲನ್ನು ಕೊನೆಯವರೆಗೂ ಮುಟ್ಟಬೇಡಿ. ಬೇರೆ ಯಾವ ಬಾಬಿನಲ್ಲಿ ಹೆಚ್ಚಾದರೂ ಅದನ್ನು ಅದೇ ಬಾಬಿನಲ್ಲಿ ಸರಿದೂಗಿಸಿ.

ಪ್ರಶ್ನೆ: ನನ್ನ ಏಳು ವರ್ಷದ ಮಗಳು ಸಾಂತಾ ಕ್ಲಾಸ್‌ಗೆ ಪತ್ರ ಬರೆದು ದುಬಾರಿಯ ಟ್ಯಾಬ್ಲೆಟ್ ಕೇಳಿದ್ದಾಳೆ. ಅವಳ ಗೆಳತಿಗೆ ಕಳೆದ ವರ್ಷ ‘ಸಾಂತಾ’ ಅದನ್ನೇ ತಂದುಕೊಟ್ಟಿದ್ದನಂತೆ. ಹಣವಿಲ್ಲ ಎಂದರೆ, ‘ಸಾಂತಾನಿಗೆ ಹಣ ಯಾಕೆ ಬೇಕು?’ ಎನ್ನುತ್ತಾಳೆ. ಏನು ಹೇಳಲಿ?

ಉತ್ತರ: ಮಗಳ ತರ್ಕದಲ್ಲಿ ತಪ್ಪಿಲ್ಲ, ಆದ್ದರಿಂದ ವಾದದಲ್ಲಿ ಗೆಲ್ಲಲು ಹೋಗಬೇಡಿ. ಹಲವು ಮನೆಗಳಲ್ಲಿ ಅನುಸರಿಸುವ ಒಂದು ಕ್ರಮ ನನಗೆ ಸರಿಯೆನಿಸುತ್ತದೆ: ಸಾಂತಾ ತರುವುದು ಯಾವಾಗಲೂ ಒಂದು ಚಿಕ್ಕ ಉಡುಗೊರೆಯನ್ನು, ದೊಡ್ಡದೇನಿದ್ದರೂ ಅದು ಅಪ್ಪ-ಅಮ್ಮನದು, ಅದಕ್ಕೆ ಅವರು ದುಡಿದು ಹಣ ಕೂಡಿಸಬೇಕು. ಹೀಗಿದ್ದಾಗ, ತಾನು ಒಳ್ಳೆಯವಳಾಗಿರಲಿಲ್ಲವೆಂದೇ ಸಾಂತಾ ಕೊಡಲಿಲ್ಲ ಎಂಬ ಕೊರಗು ಮಗುವನ್ನು ತಟ್ಟುವುದಿಲ್ಲ. ಶ್ರೀಮಂತ ಗೆಳತಿಗೆ ಸಾಂತಾ ಟ್ಯಾಬ್ಲೆಟ್ ಕೊಟ್ಟು ತನಗೆ ಬಣ್ಣದ ಪೆನ್ಸಿಲ್ ಕೊಟ್ಟಾಗ ಮಗು ತನ್ನೊಳಗೇ ಕಂಡುಕೊಳ್ಳುವ ಕಾರಣ, ನಾವು ಹೇಳಬಹುದಾದ ಯಾವ ಸತ್ಯಕ್ಕಿಂತಲೂ ಕ್ರೂರವಾಗಿರಬಹುದು.

ಹಣದ ಬಗ್ಗೆ ಏಳು ವರ್ಷದವಳಿಗೆ ಅರ್ಥವಾಗುವಷ್ಟನ್ನು ಹೇಳಿ: ‘ಅದಕ್ಕೆ ಬೇಕಾದಷ್ಟು ಹಣ ಈಗ ನಮ್ಮ ಹತ್ತಿರ ಇಲ್ಲ, ಊಟಕ್ಕೆ, ಶಾಲೆಗೆ, ಮನೆಗೆ ಬೇಕಾದುದು ಇದೆ.’ ಎರಡನೆಯ ಅರ್ಧವನ್ನು ಬಿಡಬೇಡಿ, ಮಕ್ಕಳಿಗೆ ಭಯ ಹುಟ್ಟುವುದು ಅದನ್ನು ಹೇಳದಿದ್ದಾಗ. ಬಳಿಕ, ಟ್ಯಾಬ್ಲೆಟ್‌ನಲ್ಲಿ ಏನು ಮಾಡಬೇಕೆಂದಿದ್ದೀ ಎಂದು ಕೇಳಿ. ಚಿತ್ರ ಬಿಡಿಸಬೇಕು ಎಂದರೆ ಒಳ್ಳೆಯ ಕಾಗದ ಮತ್ತು ಬಣ್ಣ, ಗೆಳತಿಯ ಜೊತೆ ಆಡಬೇಕು ಎಂದರೆ ಗೆಳತಿಯನ್ನು ಮನೆಗೆ ಕರೆದು ಒಂದು ರಾತ್ರಿ ಉಳಿಸಿಕೊಳ್ಳುವುದು. ಕೇಳಿದ ವಸ್ತುವಿನ ಹಿಂದೆ ಇರುವ ಬಯಕೆ ಹಲವು ಸಲ ಅಗ್ಗದ್ದೇ ಆಗಿರುತ್ತದೆ.

ಪ್ರಶ್ನೆ: ಅಂಗಡಿಯವರು ಬಡ್ಡಿಯಿಲ್ಲದ ಕಂತಿನಲ್ಲಿ ಕೊಡುತ್ತೇವೆ ಎನ್ನುತ್ತಾರೆ, ಅರ್ಧ ಬೆಲೆ ಎಂದೂ ಬರೆದಿರುತ್ತಾರೆ. ಬಜೆಟ್ ಚಿಕ್ಕದಿರುವಾಗ ಇವನ್ನು ಬಳಸಿಕೊಳ್ಳುವುದು ಜಾಣತನವಲ್ಲವೇ?

ಉತ್ತರ: ಪಟ್ಟಿಯಲ್ಲಿ ಮೊದಲೇ ಇದ್ದ ವಸ್ತುವಾದರೆ ಜಾಣತನ, ರಿಯಾಯಿತಿಯನ್ನು ಕಂಡ ಮೇಲೆ ಪಟ್ಟಿಗೆ ಸೇರಿದ ವಸ್ತುವಾದರೆ ಅಲ್ಲ. ಬಡ್ಡಿಯಿಲ್ಲದ ಕಂತಿಗೆ ಒಪ್ಪುವ ಮೊದಲು ಎರಡು ಪ್ರಶ್ನೆ ಕೇಳಿ: ಪೂರ್ತಿ ಹಣವನ್ನು ಈಗಲೇ ಕೊಟ್ಟರೆ ಬೆಲೆ ಎಷ್ಟು, ಮತ್ತು ಸಂಸ್ಕರಣಾ ಶುಲ್ಕವೆಂದು ಏನನ್ನಾದರೂ ವಸೂಲು ಮಾಡುತ್ತೀರಾ? ಒಟ್ಟಿಗೆ ಕೊಡುವವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗದಿದ್ದರೆ ಆ ವ್ಯತ್ಯಾಸವೇ ಬಡ್ಡಿ.

ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಉಳಿಸಿಕೊಳ್ಳುವುದು ಇನ್ನೂ ದುಬಾರಿ. ತಿಂಗಳಿಗೆ ಶೇಕಡಾ 3ರ ಬಡ್ಡಿ ಕೇಳಲು ಚಿಕ್ಕದು. ಚಕ್ರಬಡ್ಡಿಯಾಗಿ ವರ್ಷ ತುಂಬುವಾಗ ನೂರಕ್ಕೆ ಸುಮಾರು 43 ಸೇರಿರುತ್ತದೆ. ಅಲ್ಲದೆ, ಹಳೆಯ ಬಾಕಿ ಪೂರ್ತಿ ತೀರದಿರುವಾಗ ಹಲವು ಕಾರ್ಡ್‌ಗಳಲ್ಲಿ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ, ಬಡ್ಡಿರಹಿತ ಅವಧಿ ಸಿಗುವುದೇ ಇಲ್ಲ. ಕನಿಷ್ಠ ಮೊತ್ತ ಕಟ್ಟಿದರಾಯಿತು ಎಂಬ ಸಾಲು ಬಿಲ್ಲಿನಲ್ಲಿ ಕಣ್ಣಿಗೆ ಹಿತವಾಗಿ ಕಂಡರೂ ಅದು ಬ್ಯಾಂಕಿನ ಹಿತ.

ಪ್ರಶ್ನೆ: ನಾವು ವಯಸ್ಸಾದ ದಂಪತಿ. ಪ್ರತಿ ವರ್ಷ ಹತ್ತಿಪ್ಪತ್ತು ಜನರಿಗೆ ನಮ್ಮಲ್ಲೇ ಹಬ್ಬದೂಟ. ಈಗ ಪಿಂಚಣಿಯಲ್ಲಿ ಸಾಗುತ್ತಿಲ್ಲ. ಬರುವವರಿಗೆ ‘ಒಂದೊಂದು ಅಡುಗೆ ತನ್ನಿ’ ಎನ್ನುವುದು ಅವಮರ್ಯಾದೆಯಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ನಿಮ್ಮ ಮನೆಯಲ್ಲಿ ಇಷ್ಟು ವರ್ಷ ಉಂಡವರಿಗೆ ಏನಾದರೂ ತರುವ ಅವಕಾಶ ಸಿಕ್ಕರೆ ಅವರಿಗೂ ಹಗುರವಾಗುತ್ತದೆ. ‘ಏನಾದರೂ ತನ್ನಿ’ ಎನ್ನದೆ ಯಾರು ಏನು ತರಬೇಕೆಂದು ನೀವೇ ಹಂಚಿಕೊಡಿ. ಇಲ್ಲದಿದ್ದರೆ ಮೇಜಿನ ಮೇಲೆ ನಾಲ್ಕು ಕೇಕು ಕೂರುತ್ತವೆ. ಅಡುಗೆ ಬಾರದವರಿಗೆ ಹಣ್ಣು, ತಟ್ಟೆ-ಲೋಟ, ಊಟದ ನಂತರ ಪಾತ್ರೆ ತೊಳೆಯುವ ಕೆಲಸ ವಹಿಸಿ. ಮುಖ್ಯ ಖಾದ್ಯ ನಿಮ್ಮ ಒಲೆಯ ಮೇಲೆಯೇ ಬೇಯಲಿ, ಆತಿಥ್ಯ ನಿಮ್ಮದಾಗಿಯೇ ಉಳಿಯುತ್ತದೆ.

ಎಲ್ಲರೂ 25ರಂದೇ ಬರಬೇಕೆಂದೂ ಇಲ್ಲ. ಪಾಶ್ಚಾತ್ಯ ಕ್ರೈಸ್ತ ಸಂಪ್ರದಾಯದಲ್ಲಿ ಕ್ರಿಸ್‌ಮಸ್ ಹನ್ನೆರಡು ದಿನಗಳ ಕಾಲ. ಮೂವರು ಜ್ಞಾನಿಗಳ ಭೇಟಿಯನ್ನು ನೆನೆಯುವ ಜನವರಿ 6ರ ಹಬ್ಬದ ಮುನ್ನಾದಿನದವರೆಗೆ ಅದು ಸಾಗುತ್ತದೆ. ಹತ್ತಿರದವರನ್ನು ಹಬ್ಬದ ದಿನ ಊಟಕ್ಕೆ, ಉಳಿದವರನ್ನು ಆ ವಾರದಲ್ಲೊಂದು ಸಂಜೆ ಚಹಾ ಮತ್ತು ಕ್ಯಾರೊಲ್ ಹಾಡಿಗೆ ಕರೆದರೆ ಖರ್ಚೂ ಇಳಿಯುತ್ತದೆ, ಪ್ರತಿಯೊಬ್ಬರ ಜೊತೆ ಕುಳಿತು ಮಾತಾಡಲು ನಿಮಗೆ ಬಿಡುವೂ ಸಿಗುತ್ತದೆ.

ಪ್ರಶ್ನೆ: ಮುಂದಿನ ವರ್ಷ ಈ ಪಾಡು ಬಾರದಿರಲು ಈಗಲೇ ಏನು ಮಾಡಬಹುದು?

ಉತ್ತರ: ಈ ವರ್ಷದ ಒಟ್ಟು ಖರ್ಚನ್ನು ಹನ್ನೊಂದರಿಂದ ಭಾಗಿಸಿ, ಜನವರಿಯಿಂದ ನವೆಂಬರ್‌ವರೆಗೆ ಪ್ರತಿ ತಿಂಗಳೂ ಅಷ್ಟನ್ನು ಬೇರೆ ಖಾತೆಗೆ ಹಾಕುತ್ತ ಬನ್ನಿ. ಹಬ್ಬ ಮುಗಿದ ಮೇಲೆ ಅಗ್ಗವಾಗುವ ಹೊದಿಕೆ ಕಾಗದ, ಮೇಣದ ಬತ್ತಿ, ಶುಭಾಶಯ ಪತ್ರಗಳನ್ನು ಬೇಕಾದಷ್ಟೇ ಕೊಂಡಿಡಿ, ಮತ್ತು ಏನೇನು ಕೊಂಡಿರಿ, ಎಲ್ಲಿ ಇಟ್ಟಿರಿ ಎಂಬುದನ್ನು ಮುಂದಿನ ಡಿಸೆಂಬರ್‌ನ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದಿಡಿ. ಮರೆತರೆ ಅವನ್ನೇ ಪೂರ್ತಿ ಬೆಲೆ ಕೊಟ್ಟು ಮತ್ತೆ ತರುವಿರಿ.