ಡಾಕ್ಟರ್ ಹೇಳಿದ್ದು ಸರಿನೇ ಇತ್ತು, ಸಿಸ್ಟರ್ ಕೇಳಿದ್ದೂ ಸರಿನೇ

ನರ್ಸ್‌ಗಳು ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋದು ಹೆಚ್ಚಾಗಿ ಬೇರೆ ಏನೋ ಹೇಳ್ಕೊಂಡು. ನಿದ್ದೆ ಬರಲ್ಲ, ಗ್ಯಾಸ್ಟ್ರಿಕ್, ಮನೇಲಿ ಮದುವೆಗೆ ಒತ್ತಾಯ, ಕೆಲಸ ಬಿಟ್ಬಿಡೋಣ ಅನ್ಸುತ್ತೆ. ಎರಡು ಮೂರು ಸಲ ಕೂತು ಮಾತಾಡಿದ್ಮೇಲೆ ಈಚೆಗೆ ಬರೋದು ಹೆಚ್ಚುಕಮ್ಮಿ ಒಂದೇ ಕಥೆ: ಯಾವ್ದೋ ಆರ್ಡರ್ ಬಗ್ಗೆ ಅನುಮಾನ ಬಂತು, ಕೇಳ್ದೆ, ಎಲ್ರ ಮುಂದೆ ಬೈಸ್ಕೊಂಡೆ. ಅದ್ರಲ್ಲಿ ಈ ಒಂದು ಕೇಸ್ ನನ್ನ ತಲೆಯಿಂದ ಹೋಗ್ತಾನೇ ಇಲ್ಲ, ಅದಕ್ಕೆ ಬರೀತಿದೀನಿ. ಹುಡುಗಿ ಒಪ್ಪಿದಾಳೆ, ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ.

ಜಿಲ್ಲಾ ಕೇಂದ್ರದ ಪ್ರೈವೇಟ್ ಆಸ್ಪತ್ರೆ, ಐಸಿಯು, ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಸೇರಿದ ಮೊದಲ ಕೆಲಸ. ಒಂದು ನೈಟ್ ಡ್ಯೂಟಿಲಿ ಐವತ್ತು ದಾಟಿದ ಒಬ್ರು ಹಾರ್ಟ್ ಅಟ್ಯಾಕ್ ಆಗಿ ಬಂದ್ರು, ಹೆಪ್ಪು ಕರಗಿಸೋ ಇಂಜೆಕ್ಷನ್ ಶುರು ಮಾಡೋ ಗಡಿಬಿಡಿಲಿ ಡಾಕ್ಟರ್ "ಎನಾಕ್ಸಪರಿನ್ 30 ಎಂಜಿ ಐವಿ ಕೊಡಿ" ಅಂದ್ರು. ರಕ್ತ ತೆಳು ಮಾಡೋ ಈ ಇಂಜೆಕ್ಷನ್‌ನ ಇವಳು ದಿನಾ ಕೊಡ್ತಾಳೆ, ಆದ್ರೆ ಹೊಟ್ಟೆ ಚರ್ಮದ ಕೆಳಗೆ (ಇದಕ್ಕೆ ಸಬ್‌ಕ್ಯೂ ಅಂತಾರೆ), ಹೊಕ್ಕಳಿಂದ ದೂರ, ಚರ್ಮ ಮಡಿಕೆ ಹಿಡ್ಕೊಂಡು, ಕೊಟ್ಮೇಲೆ ಉಜ್ಜೋ ಹಾಗಿಲ್ಲ. ರಕ್ತನಾಳಕ್ಕೆ ನೇರವಾಗಿ, ಅಂದ್ರೆ ಐವಿ, ಯಾವತ್ತೂ ಕೊಟ್ಟಿರಲಿಲ್ಲ. "ಸರ್, ಇದು ಸಬ್‌ಕ್ಯೂ ಅಲ್ವಾ?" ಅಂದ್ಲು, ಅಷ್ಟೇ. ಸರ್ ಪೇಷಂಟ್ ಕಡೆಯವರ ಮುಂದೇನೇ "ನೀನು ಡಾಕ್ಟರಾ ನಾನು ಡಾಕ್ಟರಾ" ಅಂತ ಶುರು ಮಾಡಿ ಯಾವ ಕಾಲೇಜು ನಿಂದು ಅನ್ನೋವರೆಗೂ ಹೋದ್ರು.

ಸರ್ ಹೇಳಿದ್ದು ಸರಿನೇ ಇತ್ತು. ಆ ಥರದ ದೊಡ್ಡ ಹಾರ್ಟ್ ಅಟ್ಯಾಕ್‌ಗೆ ಹೆಪ್ಪು ಕರಗಿಸೋ ಔಷಧಿ ಕೊಡೋವಾಗ, ಪೇಷಂಟ್ 75 ವರ್ಷದೊಳಗಿದ್ರೆ, ಮೊದಲು 30 ಎಂಜಿ ಐವಿ, ಆಮೇಲೆ ತೂಕದ ಲೆಕ್ಕದಲ್ಲಿ ಚರ್ಮದ ಕೆಳಗೆ, ಅದೇ ಪದ್ಧತಿ. ಡಯಾಲಿಸಿಸ್‌ನಲ್ಲೂ ಇದನ್ನ ಮಷಿನ್‌ನ ಲೈನ್‌ಗೇ ಹಾಕ್ತಾರೆ. ವಾರ್ಡ್‌ನಲ್ಲಿ ಮಾತ್ರ ಕೆಲಸ ಮಾಡಿದವರು ಇದನ್ನ ನೋಡಿರೋದು ಕಮ್ಮಿ.

ಮೊದಲೆರಡು ಸೆಷನ್‌ನಲ್ಲಿ ಅವಮಾನದ ಮಾತೇ ಆಯ್ತು, ಅದನ್ನ ಉದ್ದ ಮಾಡಲ್ಲ. ಮೂರನೇ ಸಲ ಬಂದವಳು ನಗ್ತಾ ಕೂತ್ಲು.

"ಈಗ ಆರಾಮಾಗಿದೀನಿ ಮೇಡಮ್. ಕೇಳೋದೇ ಬಿಟ್ಬಿಟ್ಟಿದೀನಿ. ಅವ್ರು ಏನ್ ಹೇಳ್ತಾರೋ ಅದು ಮಾಡೋದು, ಯಾರೂ ಬೈಯಲ್ಲ."

ನಿದ್ದೆ ಹೇಗಿದೆ ಅಂದೆ. ಅದು ಹಂಗೇ ಇದೆ ಮೇಡಮ್ ಅಂದ್ಲು. ಆರಾಮಾಗಿರೋರಿಗೆ ನಿದ್ದೆ ಯಾಕೆ ಬರಲ್ಲ? "ಕೇಳೋದು ಬಿಟ್ಮೇಲೆ ಅನುಮಾನ ಬರೋದೂ ನಿಂತೋಯ್ತೇನಮ್ಮ?" ಅಂತ ಕೇಳ್ದೆ.

ಕುತ್ತಿಗೇಲಿದ್ದ ಐಡಿ ಕಾರ್ಡಿನ ಟ್ಯಾಗ್‌ನ ಬೆರಳಿಗೆ ಸುತ್ತೋದು ಬಿಚ್ಚೋದು, ಸುತ್ತೋದು ಬಿಚ್ಚೋದು. ತುಂಬಾ ಹೊತ್ತಾದ್ಮೇಲೆ "ಒಬ್ರು ಅಜ್ಜ ಬಂದಿದ್ರು" ಅಂದ್ಲು.

ಬೇರೆ ಡಾಕ್ಟರ್, ಫೋನ್‌ನಲ್ಲಿ ಆರ್ಡರ್, ಅದೇ ಔಷಧಿ, ಅದೇ 30 ಎಂಜಿ ಐವಿ. ಕೇಸ್ ಶೀಟ್‌ನಲ್ಲಿ ವಯಸ್ಸು 81. 75 ದಾಟಿದವರಿಗೆ ಆ ಐವಿ ಡೋಸ್ ಕೊಡಲ್ಲ, ರಕ್ತಸ್ರಾವ ಆಗೋ ಅಪಾಯ ಅವರಿಗೆ ಜಾಸ್ತಿ. ಬೈಸ್ಕೊಂಡ ಮಾರನೇ ದಿನಾನೇ ಇವಳು ಹಾಸ್ಟೆಲ್‌ನಲ್ಲಿ ಕೂತು ಅದನ್ನೆಲ್ಲ ಓದಿದ್ಲು, ಇನ್ನೊಂದ್ಸಲ ದಡ್ಡಿ ಅನ್ನಿಸ್ಕೋಬಾರ್ದು ಅಂತ.

"ಗೊತ್ತಿತ್ತು ಮೇಡಮ್. ಗೊತ್ತಿದ್ದೂ ಕೊಟ್ಟೆ. ಬಾಯೇ ಬರ್ಲಿಲ್ಲ."

ಅಜ್ಜನಿಗೆ ಏನೂ ಆಗ್ಲಿಲ್ಲ, ನಡ್ಕೊಂಡೇ ಮನೆಗೆ ಹೋದ್ರು. ಆದ್ರೆ ಅವರು ಇದ್ದಷ್ಟು ದಿನ ಇವಳು ಡ್ಯೂಟಿಗೆ ಬಂದ ತಕ್ಷಣ ಬ್ಯಾಗ್ ಇಡೋಕ್ಮುಂಚೆ ಅವರ ಯೂರಿನ್ ಬ್ಯಾಗ್ ಕೆಂಪಾಗಿದ್ಯಾ ನೋಡ್ತಿದ್ಲಂತೆ, ಬಾಯಿ ತೆಗೆಸಿ ವಸಡು ನೋಡೋದು, ತಲೆಯೊಳಗೆ ರಕ್ತಸ್ರಾವ ಆಗಿದ್ಯಾ ಅಂತ ಟಾರ್ಚ್ ಹಾಕಿ ಕಣ್ಣು ನೋಡೋದು, "ಅಜ್ಜ ನಿಮ್ಮ ಹೆಸರೇನು" ಅಂತ ಗಂಟೆಗೊಂದ್ಸಲ ಕೇಳೋದು. ಆ ಅಜ್ಜ ಇವಳಿಗೆ ಮರೆವು ಅಂದ್ಕೊಂಡ್ರಂತೆ.

ಇಲ್ಲಿ ನಾನು ಸಮಾಧಾನ ಹೇಳಲಿಲ್ಲ. ಏನೂ ಆಗ್ಲಿಲ್ವಲ್ಲ ಬಿಡಮ್ಮ ಅನ್ನೋದು ಸುಲಭ, ಆದ್ರೆ ಹಂಗಂದ್ರೆ ಅವಳ ಮನಸ್ಸಾಕ್ಷಿನೇ ಸುಳ್ಳು ಅಂದ ಹಾಗಾಗುತ್ತೆ. ನಾನು ಹೇಳಿದ್ದು ಇಷ್ಟು: ಮೊದಲ ದಿನ ನೀನು ಕೇಳಿದ್ದಕ್ಕೆ ಉತ್ತರ "ಹೌದು, ಐವಿನೇ" ಅಂತ ಬಂತು, ಎರಡನೇ ದಿನ ಕೇಳಿದ್ರೆ "ಓ, ಬೇಡ" ಅಂತ ಬರ್ತಿತ್ತು, ಪ್ರಶ್ನೆ ಮಾತ್ರ ಎರಡು ದಿನಾನೂ ಅದೇ. ಉತ್ತರ ಏನು ಬರುತ್ತೆ ಅಂತ ಮೊದಲೇ ಗೊತ್ತಿದ್ರೆ ಕೇಳೋ ಅಗತ್ಯನೇ ಇರ್ತಿರ್ಲಿಲ್ಲ.

ಬಾಯಿ ಬರದೇ ಇರೋದು ಅವಳೊಬ್ಬಳ ದೌರ್ಬಲ್ಯ ಅಲ್ಲ ಅಂತಾನೂ ಹೇಳ್ದೆ. ಅಮೆರಿಕದಲ್ಲಿ ಹಾಫ್ಲಿಂಗ್ ಅನ್ನೋ ಮನೋವೈದ್ಯರು ಮಾಡಿಸಿದ ಒಂದು ಪ್ರಯೋಗ 1966ರಲ್ಲಿ ಪ್ರಕಟ ಆಯ್ತು. ಗುರುತಿಲ್ಲದ ಡಾಕ್ಟರ್ ಒಬ್ರು ಫೋನ್ ಮಾಡಿ, ಡಬ್ಬಿ ಮೇಲೆ ಗರಿಷ್ಠ 10 ಎಂಜಿ ಅಂತ ಬರೆದಿರೋ ಔಷಧಿನ 20 ಎಂಜಿ ಕೊಡಿ ಅಂತಾರೆ, 22 ನರ್ಸ್‌ಗಳಲ್ಲಿ 21 ಜನ ಕೊಡೋಕೆ ಹೊರಟ್ರು. 1977ರಲ್ಲಿ ಇನ್ನಿಬ್ರು ಅದನ್ನೇ ಸ್ವಲ್ಪ ಬೇರೆ ಥರ ಮಾಡಿದ್ರು, ನರ್ಸ್‌ಗಳಿಗೆ ಗೊತ್ತಿರೋ ಔಷಧಿ, ಜೊತೆಗಿರೋರ ಹತ್ರ ಮಾತಾಡೋಕೂ ಅವಕಾಶ. ಆಗ 18 ಜನರಲ್ಲಿ ಹೊರಟಿದ್ದು ಇಬ್ರೇ. ನನ್ನ ಸಲಹೆಯೆಲ್ಲ ನಿಂತಿರೋದು ಈ ವ್ಯತ್ಯಾಸದ ಮೇಲೆ. ಧೈರ್ಯ ತಗೋ ಧೈರ್ಯ ತಗೋ ಅಂತ ಹೇಳಿದ್ರೆ ಧೈರ್ಯ ಬರಲ್ಲ, ಪಕ್ಕದಲ್ಲಿ ಒಬ್ರು ಇದ್ರೆ ಬರುತ್ತೆ.

ಅದಕ್ಕೇ ಅವಳಿಗೆ ಹೇಳಿದ್ದು, ಅನುಮಾನ ಬಂದ್ರೆ ಮೊದಲು ಜೊತೆ ಸಿಸ್ಟರ್‌ಗೆ ಹೇಳು. ಫೋನ್ ಆರ್ಡರ್ ಆದ್ರೆ ಇಬ್ರೂ ಕೇಳಿಸ್ಕೊಳ್ಳಿ, ವಾಪಸ್ ಓದಿ ಹೇಳಿ, ಟೈಮ್ ಹಾಕಿ ಬರ್ಕೊಳ್ಳಿ. "ಇದು ಸಬ್‌ಕ್ಯೂ ಅಲ್ವಾ" ಅಂದ್ರೆ ಕೆಲವರಿಗೆ ತಪ್ಪು ಹಿಡಿದ ಹಾಗೆ ಕೇಳ್ಸುತ್ತೆ, ಬದಲಿಗೆ "ಸರ್, ಎನಾಕ್ಸಪರಿನ್ 30 ಎಂಜಿ, ಐವಿ, ಪೇಷಂಟ್‌ಗೆ 81 ವರ್ಷ, ಕೊಡ್ಲಾ?" ಅನ್ನು. ವಯಸ್ಸು ಅವರ ಕಿವಿಗೆ ಬೀಳ್ಲಿ. ಆಮೇಲೂ ಸರಿ ಅನ್ನಿಸ್ಲಿಲ್ಲ ಅಂದ್ರೆ ಇನ್‌ಚಾರ್ಜ್ ಸಿಸ್ಟರ್‌ಗೆ ಫೋನ್ ಮಾಡು, ಇಲ್ಲ "ಸರ್ ನೀವೇ ಬಂದು ಕೊಡ್ತೀರಾ" ಅನ್ನು.

ಪರಿಚಯದ ಫಿಜಿಷಿಯನ್ ಒಬ್ರು ಇದನ್ನ ಕೇಳಿ "ಎಮರ್ಜೆನ್ಸಿಲಿ ಚರ್ಚೆ ಮಾಡ್ತಾ ಕೂತ್ರೆ ಪೇಷಂಟ್ ಹೋಗ್ತಾನೆ, ನೀವು ವಾದ ಮಾಡೋದು ಕಲಿಸ್ತಿದೀರಿ" ಅಂದ್ರು. ನಾನು ಅವಳಿಗೆ ಹೇಳಿಕೊಟ್ಟ ಆ ವಾಕ್ಯ ಹೇಳೋಕೆ ಎಷ್ಟು ಹೊತ್ತು ಬೇಕು ಗಡಿಯಾರ ಹಿಡ್ಕೊಂಡು ನೋಡಿ ಡಾಕ್ಟ್ರೇ, ಆವತ್ತು ಆ ಸರ್ ಬೈದಿದ್ದಕ್ಕೆ ಅದರ ಹತ್ತರಷ್ಟು ಟೈಮ್ ಹೋಗಿತ್ತು ಅಂದೆ. ಈಗ ಸರ್ಕಾರದ ಹೃದಯ ಜ್ಯೋತಿ ಯೋಜನೆಲಿ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸೋ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡ್ತಿದಾರೆ, ಈ ಪ್ರಶ್ನೆ ಇನ್ನೂ ಎಷ್ಟೋ ಹೊಸ ಸಿಸ್ಟರ್‌ಗಳಿಗೆ ಬರುತ್ತೆ.

ಬೈದ ಸರ್ ಮೇಲೆ ಕಂಪ್ಲೇಂಟ್ ಕೊಡಿಸ್ಬೇಕಿತ್ತು ಅಂತ ನಮ್ಮ ಕಡೆಯವರೇ ಕೆಲವರು ಅಂದ್ರು. ಅವಳು ಬಾಂಡ್‌ನಲ್ಲಿದಾಳೆ (ಇಂತಿಷ್ಟು ಕಾಲ ಕೆಲಸ ಬಿಡೋ ಹಾಗಿಲ್ಲ), ಒರಿಜಿನಲ್ ಮಾರ್ಕ್ಸ್ ಕಾರ್ಡ್ ಆಸ್ಪತ್ರೆಯವರ ಬೀರುವಲ್ಲಿದೆ. ನನ್ನ ರೂಮಲ್ಲಿ ಕೂತು ಹೇಳೋದು ಸುಲಭ. ಅಜ್ಜನ ವಿಷಯನ ಮುಚ್ಚಿಡಬೇಡ, ಇನ್‌ಚಾರ್ಜ್‌ಗೆ ಹೇಳು ಅನ್ನೋದನ್ನ ಮಾತ್ರ ಬಿಡಲಿಲ್ಲ. ಹೇಳಿದ್ಲು. ಅವ್ರು ಮೊದಲು "ಈಗ್ಯಾಕೆ ಹೇಳ್ತಿದ್ಯ" ಅಂತ ಸಿಡುಕಿದ್ರಂತೆ, ಮುಂದಿನ ವಾರ ಎಮರ್ಜೆನ್ಸಿ ಟ್ರಾಲಿ ಮೇಲೆ ವಯಸ್ಸು, ಡೋಸ್, ರೂಟ್ (ಐವಿನಾ ಸಬ್‌ಕ್ಯೂನಾ) ಬರೆದ ಒಂದು ಹಾಳೆ ಅಂಟಿಸಿದ್ರು. ಬೈದ ಸರ್ ಇನ್ನೂ ಇವಳ ಜೊತೆ ಸರಿಯಾಗಿ ಮಾತಾಡಲ್ಲ. ನಿದ್ದೆ ಪರವಾಗಿಲ್ಲ, ಬಾಂಡ್ ಮುಗಿಯೋವರೆಗೂ ತಿಂಗಳಿಗೊಮ್ಮೆ ಬರ್ತೀನಿ ಅಂದಿದಾಳೆ.